ನಾಲ್ಕು ಬಕೆಟ್, ಮೂವರು ಹೆಂಗಸರು

ಹಡಗು ಕಟ್ಟೆಗೆ ಬಂದು ತಾಗಿದ ಮೇಲೆ ಮೇಸ್ತ್ರಿಯಕ್ಕನಿಗೆ ಸಿಗುವುದು ಇಪ್ಪತ್ತೈದು ನಿಮಿಷ. ಅಷ್ಟರೊಳಗೆ ನಾನೂರು ಕುರ್ಚಿ, ಹನ್ನೆರಡು ಶೌಚಾಲಯ, ಎರಡು ಅಂತಸ್ತಿನ ನೆಲ, ಮಕ್ಕಳು ಕಿಟಕಿಗೆ ಒರೆಸಿಹೋದ ಮೂಗು, ದೊಡ್ಡವರು ಸೀಟಿನ ಸಂದಿಗೆ ತುರುಕಿಹೋದ ಎಲ್ಲವೂ ಇಲ್ಲವಾಗಬೇಕು. ನಂತರ ಹಡಗು ಹೊಸ ಪ್ರಯಾಣಿಕರನ್ನು ತುಂಬಿಕೊಂಡು ಆಚೆಯ ದೇಶಕ್ಕೆ ಹೊರಡುತ್ತದೆ. ಒಂದೂವರೆ ಗಂಟೆಯ ದಾರಿ. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ಆ ಹಡಗು ಹತ್ತಿ ಇಳಿದಿದ್ದಾಳೆ. ಆಚೆಯ ದಡವನ್ನು ಮಾತ್ರ ಒಮ್ಮೆಯೂ ನೋಡಿಲ್ಲ.

ಮೇಸ್ತ್ರಿ ಎಂಬುದು ಅಡ್ಡಹೆಸರು. ಕಾಗದದ ಮೇಲೆ ಅವಳೂ ಉಳಿದ ಮೂವರಂತೆ ಬರೀ ಸ್ವಚ್ಛತಾ ಕೆಲಸದವಳೇ. ಆದರೆ ಯಾರು ಮೇಲೆ, ಯಾರು ಕೆಳಗೆ, ಯಾರಿಗೆ ಇವತ್ತು ಸೊಂಟ ಹಿಡಿದಿದೆ, ಯಾರಿಗೆ ಶೌಚಾಲಯ ಕೊಡಬಾರದು ಎಂದು ಹಂಚುವವಳು ಅವಳು. ಈ ಹಂಚುವ ಕೆಲಸಕ್ಕೆ ಸಂಬಳವಿಲ್ಲ, ಹೆಸರು ಮಾತ್ರ ಇದೆ. ಮನೆಯಲ್ಲೂ ಅಷ್ಟೇ. ಐದಕ್ಕೆ ಎದ್ದು ಬೀದಿಯ ಮೂಲೆಯ ನಲ್ಲಿಯಿಂದ ಆರು ಕೊಡ ನೀರು, ಅತ್ತೆಯ ಹಾಸಿಗೆ ಬದಲಿಸುವುದು, ಅವರ ಮೈ ಒರೆಸುವುದು, ಅಡುಗೆ, ಆಮೇಲೆ ಬಸ್ಸು. ಗಂಡ ಬಸ್ ಚಾಲಕನಾಗಿದ್ದು ಬೆನ್ನು ನೋವಿನಿಂದ ಮನೆಯಲ್ಲಿ ಕೂತವನು. ಕೆಟ್ಟವನಲ್ಲ. ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದು ಮಾತ್ರ ಇಪ್ಪತ್ತೆಂಟು ವರ್ಷದಲ್ಲಿ ಅವನಿಗೆ ಗೊತ್ತಾಗಿಲ್ಲ. ಇನ್ನು ಹದಿನಾಲ್ಕು ತಿಂಗಳು ದೂಡಿದರೆ ಅವಳಿಗೆ ಪಿಂಚಣಿ. ಆ ಹದಿನಾಲ್ಕು ತಿಂಗಳ ಮೇಲೆಯೇ ಮನೆ ನಿಂತಿತ್ತು.

ಅಂದು ಅವರ ತಂಡದಲ್ಲಿ ಒಬ್ಬಳು ಕಡಿಮೆ. ಉದ್ದಿ ಎಂದು ಎಲ್ಲರೂ ಕರೆಯುವ ಎತ್ತರದ ಹೆಂಗಸು ಮಗಳ ಹೆರಿಗೆಗೆಂದು ರಜೆ ಹಾಕಿದ್ದಳು. ಮೇಸ್ತ್ರಿಯಕ್ಕ ಬೆಳಗ್ಗೆಯೇ ನಿಲ್ದಾಣದ ಮ್ಯಾನೇಜರ್ ಹತ್ತಿರ ಹೋಗಿ, "ಸಾರ್, ಬದಲಿ ಯಾರನ್ನಾದ್ರೂ ಕೊಡಿ" ಎಂದು ಕೇಳಿದ್ದಳು.

"ಕಳಿಸ್ತೀನಿ ಹೋಗಮ್ಮ" ಎಂದು ಅವನು ಫೋನಿನಿಂದ ಕಣ್ಣೆತ್ತದೆ ಹೇಳಿದ್ದ.

ಬದಲಿ ಎಂದರೆ ಸಾಮಾನು ಹೊರುವ ವಿಭಾಗದಿಂದ ಯಾವನಾದರೂ ಒಬ್ಬ ಗಂಡಸು. ಬರುತ್ತಾನೆ, ಶೌಚಾಲಯದ ಬಾಗಿಲು ತೆರೆದು ಮೂಗು ಮುಚ್ಚುತ್ತಾನೆ, ಬಕೆಟ್ಟನ್ನು ಅಲ್ಲೇ ಬಿಟ್ಟು ಮಾಯವಾಗುತ್ತಾನೆ. ಇದು ಎಷ್ಟು ಸಲ ನಡೆದಿದೆಯೆಂದರೆ ಹೆಂಗಸರು ಅದಕ್ಕೆ ಬೈಯುವುದನ್ನೂ ಬಿಟ್ಟಿದ್ದರು.

ಒಂಬತ್ತೂ ಇಪ್ಪತ್ತಕ್ಕೆ ಹಡಗು ಬಂತು. ಕೆಲಸದವರಿಗೆ ಬೇರೆಯೇ ಗೇಟು. ಅಲ್ಲಿ ಪಾಸ್‌ಪೋರ್ಟ್ ಕೇಳುವವರಿಲ್ಲ, ಪಾಸು ಯಂತ್ರಕ್ಕೆ ತೋರಿಸಿದರೆ ಸಾಕು. ಬರುವಾಗ ಅದೂ ಬೇಡ. ಕಾವಲುಗಾರ ಒಂದು ರಿಜಿಸ್ಟರಿನಲ್ಲಿ ಬಕೆಟ್ ಎಣಿಸಿ ಬರೆದುಕೊಳ್ಳುತ್ತಾನೆ, ಅಷ್ಟೇ. ಹಿಂದೊಮ್ಮೆ ಎರಡು ಬಕೆಟ್ ಕಳೆದುಹೋಗಿದ್ದಕ್ಕೆ ಆಫೀಸಿನವರು ಮಾಡಿದ ನಿಯಮ. ಒಳಗೆ ಹೋದ ಬಕೆಟ್ ಎಷ್ಟು, ಹೊರಗೆ ಬಂದ ಬಕೆಟ್ ಎಷ್ಟು, ಸಹಿ. ಹೆಂಗಸರು ಎಷ್ಟು ಎಂದು ಯಾರೂ ಬರೆದುಕೊಂಡದ್ದಿಲ್ಲ. ಹೆಂಗಸರು ಕಳೆದುಹೋಗಿರಲಿಲ್ಲವಲ್ಲ.

ಅವಳ ಮುಂದೆ ಒಬ್ಬ ನೀಲಿ ಮೇಲಂಗಿ, ನೀಲಿ ಟೋಪಿ, ಮುಖಗವಸು ಹಾಕಿಕೊಂಡು ಬಕೆಟ್, ಮಾಪ್ ಹಿಡಿದು ಗೇಟು ದಾಟಿಹೋದದ್ದು ಅವಳಿಗೆ ಕಂಡಿತು. ಬದಲಿ ಬಂದ, ಪುಣ್ಯ, ಅಂದುಕೊಂಡಳು. "ಏನಪ್ಪಾ, ಕೆಳಗಿನ ಓಣಿ ನಿಂದು!" ಎಂದು ಕೂಗಿದಳು. ಅವನು ತಿರುಗದೆ ತಲೆಯಾಡಿಸಿದ. ಅವಳು ಮೇಲಿನ ಅಂತಸ್ತಿಗೆ ಓಡಿದಳು.

ಒಂಬತ್ತೂ ನಲವತ್ತೊಂದಕ್ಕೆ ಕೆಳಗಿಳಿದು ನೋಡಿದರೆ ಓಣಿಯಲ್ಲಿ ಬಕೆಟ್ ಒಂಟಿಯಾಗಿ ನಿಂತಿತ್ತು. ಮಾಪ್ ಗೋಡೆಗೆ ಒರಗಿತ್ತು. ನೆಲ ಅರ್ಧ ಒದ್ದೆ. ಆ ಒದ್ದೆಯ ಮೇಲೆ ಬೂಟಿನ ಗುರುತು. "ಥೂ ನಿನ್ನ" ಎಂದು ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆ ಗುರುತುಗಳನ್ನೆಲ್ಲ ಒಂದೊಂದಾಗಿ ಒರೆಸಿದಳು. ಉಳಿದ ನೆಲವನ್ನೂ ಒರೆಸಿದಳು. ಬಕೆಟ್ಟಿನ ನೀರು ಚೆಲ್ಲಿ, ತನ್ನದೊಂದು ಅವನದೊಂದು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಕಾವಲುಗಾರ ಎಣಿಸಿದ, "ನಾಲ್ಕಕ್ಕೆ ನಾಲ್ಕು, ಸರಿ" ಎಂದು ಬರೆದ. ಹತ್ತು ಗಂಟೆಗೆ ಸರಿಯಾಗಿ ಹಡಗು ಹೊರಟಿತು.

ಹತ್ತೂವರೆಗೆ ಪೊಲೀಸರ ಐದು ಗಾಡಿಗಳು ಬಂದವು.

ಪತ್ರಿಕೆಯವರು ಪೈಪ್ ಸಾಹೇಬ ಎಂದು ಹೆಸರಿಟ್ಟ ಒಬ್ಬ ದೊಡ್ಡ ಅಧಿಕಾರಿ ಇದ್ದ. ನಗರಕ್ಕೆ ನೀರಿನ ಕೊಳವೆ ಹಾಕಿಸುವ ಇಲಾಖೆಯ ಮುಖ್ಯಸ್ಥ. ಕಾಗದದಲ್ಲಿ ಅರ್ಧ ಊರಿಗೆ ಕೊಳವೆ ಬಂದಿತ್ತು, ಮಣ್ಣಿನೊಳಗೆ ಮಾತ್ರ ಬಂದಿರಲಿಲ್ಲ. ಲಂಚದ ಆರೋಪ ಬಿದ್ದು, ನ್ಯಾಯಾಲಯ ಅವನ ಪಾಸ್‌ಪೋರ್ಟ್ ಕಿತ್ತುಕೊಂಡು, ಎಲ್ಲ ಗಡಿಗಳಿಗೂ ಅವನ ಫೋಟೋ ಕಳಿಸಿತ್ತು. ಅವತ್ತು ಮಧ್ಯಾಹ್ನ ಬಂಧಿಸಬೇಕೆಂದಿದ್ದವನು ಬೆಳಗ್ಗೆ ಹಡಗು ನಿಲ್ದಾಣದ ಹತ್ತಿರ ಇಳಿದನೆಂದು ಒಬ್ಬ ಟ್ಯಾಕ್ಸಿಯವನು ಫೋನ್ ಮಾಡಿದ್ದ.

ಬಾಗಿಲುಗಳನ್ನೆಲ್ಲ ಮುಚ್ಚಿ ಹುಡುಕಾಟ ಶುರುವಾಯಿತು. ಪಾಸ್‌ಪೋರ್ಟ್ ಕೌಂಟರಿನಲ್ಲಿ ಅವನು ದಾಟಿಲ್ಲ. ಹಡಗಿಗೆ ಹೋದ ಕೆಲಸದವರೆಲ್ಲ ವಾಪಸು ಬಂದಿದ್ದಾರೆ, ರಿಜಿಸ್ಟರಿನಲ್ಲಿ ನಾಲ್ಕಕ್ಕೆ ನಾಲ್ಕು ಇದೆ. ಹಾಗಾದರೆ ನಿಲ್ದಾಣದಲ್ಲೇ ಎಲ್ಲೋ ಅಡಗಿದ್ದಾನೆ ಎಂದು ಗಂಡಸರೆಲ್ಲ ಸೇರಿ ತೀರ್ಮಾನಿಸಿದರು. ಸೂಟ್‌ಕೇಸು ಬಿಚ್ಚಿಸಿದರು, ಹೋಟೆಲಿನ ಫ್ರಿಜ್ಜು ತೆಗೆಸಿದರು. ಅಷ್ಟರಲ್ಲಿ ಒಬ್ಬ ಯಂತ್ರದ ಪಟ್ಟಿ ನೋಡಿ ಕಿರುಚಿದ: ರಜೆಯಲ್ಲಿರುವ ಉದ್ದಿಯ ಪಾಸು ಒಂಬತ್ತೂ ಇಪ್ಪತ್ತೆರಡಕ್ಕೆ ಗೇಟು ದಾಟಿದೆ!

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮೇಸ್ತ್ರಿಯಕ್ಕನನ್ನು ಮ್ಯಾನೇಜರಿನ ಕೋಣೆಗೆ ಕರೆಸಿದರು.

ಕೋಣೆಯಲ್ಲಿ ಮೂವರು. ಮೇಜಿನ ಹಿಂದೆ ದಪ್ಪ ಮೀಸೆಯ ದೊಡ್ಡ ಪೊಲೀಸ್ ಅಧಿಕಾರಿ. ಕಿಟಕಿಯ ಹತ್ತಿರ ಕಂಪ್ಯೂಟರ್ ಮುಂದೆ ಒಬ್ಬಳು ಯುವ ಇನ್‌ಸ್ಪೆಕ್ಟರಮ್ಮ. ಮೂಲೆಯಲ್ಲಿ ಬೆವರುತ್ತ ಮ್ಯಾನೇಜರು. ಮೇಸ್ತ್ರಿಯಕ್ಕನ ಪಾಸನ್ನು ಕೇಳಿ ತೆಗೆದುಕೊಂಡು ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಒಂದು ಕತ್ತರಿ. ಕೆಲಸದಿಂದ ತೆಗೆದವರ ಪಾಸಿನ ಮೂಲೆ ಕತ್ತರಿಸುವುದು ಅಲ್ಲಿನ ಪದ್ಧತಿ.

"ರಜೆ ಹಾಕಿದವಳ ಪಾಸು ಎಲ್ಲಿತ್ತು?" ಎಂದ ದೊಡ್ಡ ಅಧಿಕಾರಿ.

"ಸಾಮಾನು ಕೋಣೇಲಿ, ಮೊಳೆಗೆ. ನಮ್ಮೆಲ್ಲರದ್ದೂ ಅಲ್ಲೇ ಸಾರ್. ಮನೇಗೆ ತಗೊಂಡುಹೋಗಂಗಿಲ್ಲ."

"ಬೀಗ?"

"ನಾಲ್ಕು ತಿಂಗಳಿಂದ ಕೆಟ್ಟಿದೆ. ಮೂರು ಸಲ ಬರ್ಕೊಟ್ಟಿದೀನಿ." ಅವಳು ಮ್ಯಾನೇಜರನ್ನು ನೋಡಿದಳು. ಅವನು ಚಾವಣಿ ನೋಡಿದ.

"ಇಲ್ನೋಡು." ಇನ್‌ಸ್ಪೆಕ್ಟರಮ್ಮ ಕಂಪ್ಯೂಟರ್ ತಿರುಗಿಸಿದಳು. ಹೊರಗೆ ಬರುತ್ತಿರುವ ಮೂವರು ಹೆಂಗಸರು. ಮೊದಲಿನವಳ ಕೈಯಲ್ಲಿ ಒಂದು ಬಕೆಟ್, ಎರಡನೆಯವಳ ಕೈಯಲ್ಲಿ ಒಂದು, ಮೇಸ್ತ್ರಿಯಕ್ಕನ ಕೈಯಲ್ಲಿ ಎರಡು.

ದೊಡ್ಡ ಅಧಿಕಾರಿ ಮುಂದಕ್ಕೆ ಬಾಗಿದ. "ಲೆಕ್ಕ ಸರಿಹೋಗ್ಲಿ ಅಂತ ಅವನ ಬಕೆಟ್ಟನ್ನ ನೀನು ತಂದೆ. ಎಲ್ಲ ಮೊದಲೇ ಮಾತಾಡ್ಕೊಂಡಿದ್ರಿ. ಹೇಳು, ಎಲ್ಲಿ ಬಚ್ಚಿಟ್ಟಿದೀಯ ಅವನನ್ನ? ಹೇಳಿಲ್ಲ ಅಂದ್ರೆ ಕೆಲಸ ಹೋಯ್ತು, ಪಿಂಚಣಿ ಹೋಯ್ತು, ಸಂಜೆಗೆ ಜೈಲು."

"ಬಕೆಟ್ ಬಿದ್ದಿತ್ತು ಸಾರ್. ಅದಕ್ಕೇ ತಂದೆ."

"ಬಿದ್ದಿದ್ದನ್ನೆಲ್ಲ ಎತ್ಕೊಂಡು ಬರ್ತೀಯಾ?"

"ಹೂಂ ಸಾರ್."

ಅವನು ನಕ್ಕ. ಮ್ಯಾನೇಜರೂ ನಕ್ಕ. ಆಗಲೇ ಅವಳ ಫೋನು ಬಡಿದುಕೊಂಡಿತು. "ಎತ್ತು. ಎಲ್ಲರಿಗೂ ಕೇಳೋ ಹಾಗೆ ಹಾಕು" ಎಂದ ಅಧಿಕಾರಿ, ಬೇಟೆ ಸಿಕ್ಕವನ ಹಾಗೆ.

"ಕೇಳಿಲ್ಲಿ" ಎಂದಿತು ಗಂಡನ ದನಿ. "ಅಮ್ಮಂದು ಎಲ್ಲಿಟ್ಟಿದೀಯೇ? ಹನ್ನೊಂದಾಯ್ತು."

"ನೀಲಿ ಡಬ್ಬೀಲಿ ಇದೆ ರೀ. ಫ್ರಿಜ್ ಮೇಲೆ."

"ಎರಡು ಕಾಣ್ತಿದೆ. ಬಿಳೀದಾ, ಕೆಂಪದಾ?"

"ಬಿಳೀದು ಈಗ. ಕೆಂಪದು ನಾನು ಬಂದ ಮೇಲೆ."

ಅಧಿಕಾರಿ ಫೋನು ಕಿತ್ತುಕೊಂಡ. "ಯಾರಯ್ಯಾ ನೀನು? ಬಿಳೀದು ಅಂದ್ರೆ ಏನು? ಕೆಂಪದು ಯಾವಾಗ ಬರುತ್ತೆ?"

"ಸಾರ್... ಕೆಂಪದು ಊಟ ಆದ್ಮೇಲೆ" ಎಂದ ಗಂಡ ಗಾಬರಿಯಿಂದ. "ಬಿ.ಪಿ.ದು. ನೀವು ಡಾಕ್ಟ್ರಾ?"

ಇನ್‌ಸ್ಪೆಕ್ಟರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಫೋನು ಇಟ್ಟ ಮೇಲೆ ಅವಳೇ, "ಸಾರ್, ಅವನು ಒಳಗೆ ಹೋಗಿದ್ದನ್ನ ಈಯಮ್ಮನಿಗೆ ಒಂದ್ಸಲ ತೋರಿಸೋಣ. ಏನಾದ್ರೂ ಗೊತ್ತಾಗಬಹುದು" ಎಂದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹದಿಮೂರು.

ಹಡಗಿಗೆ ಹತ್ತುವ ಸೇತುವೆಯ ಮೇಲಿನ ಕ್ಯಾಮೆರಾ. ನೀಲಿ ಮೇಲಂಗಿಯವನು ಬರುತ್ತಾನೆ. ಎದುರಿಗೆ ಹಡಗಿನ ಒಬ್ಬ ಅಧಿಕಾರಿ ಬಂದಾಗ ಅವನು ಅವಸರದಲ್ಲಿ ಮಾಪ್ ಅದ್ದಿ ಸೇತುವೆಯನ್ನು ಒರೆಸತೊಡಗುತ್ತಾನೆ. ಒರೆಸುತ್ತ ಮುಂದಕ್ಕೆ ನಡೆಯುತ್ತಾನೆ. ಹಡಗಿನ ಅಧಿಕಾರಿ ಅವನ ಪಕ್ಕದಲ್ಲೇ ಹೋಗುತ್ತಾನೆ, ಕಂಬದ ಪಕ್ಕ ಹೋದಂತೆ.

"ಅಯ್ಯೋ!" ಎಂದಳು ಮೇಸ್ತ್ರಿಯಕ್ಕ. "ಇನ್ನೊಂದ್ಸಲ ಹಾಕಿ."

ಹಾಕಿದರು.

"ನೋಡಿ, ನೋಡಿ! ಮುಂದಕ್ಕೆ ಹೋಗ್ತಿದಾನೆ! ಒರೆಸಿದ ಜಾಗದ ಮೇಲೆ ತಾನೇ ಕಾಲಿಡ್ತಿದಾನೆ!"

"ಅದಕ್ಕೇನೀಗ?" ಎಂದ ದೊಡ್ಡ ಅಧಿಕಾರಿ.

"ಅದಕ್ಕೇನಾ? ನೆಲ ಹಿಂದಕ್ಕೆ ಹೋಗ್ತಾ ಒರೆಸ್ಬೇಕು ಸಾರ್. ಮುಂದಕ್ಕೆ ಹೋದ್ರೆ ನಿಮ್ಮ ಕಾಲಿನ ಗುರುತು ನಿಮ್ಮ ಹಿಂದೇನೇ ಬರುತ್ತೆ. ಸಾಮಾನು ಹೊರೋ ಹುಡುಗರಿಗೂ ಇಷ್ಟು ಗೊತ್ತು. ಇವನು ಹುಟ್ಟಿದಾಗಿಂದ ಒಂದು ಮೊಳ ನೆಲ ಒರೆಸಿಲ್ಲ. ಇವನು ನಮ್ಮವನಲ್ಲ!"

ಅಧಿಕಾರಿ ಇನ್‌ಸ್ಪೆಕ್ಟರಮ್ಮನನ್ನು ನೋಡಿದ. ಹಿಂದಕ್ಕಾ ಮುಂದಕ್ಕಾ ಎಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. "ಹೌದು ಸಾರ್. ಹಿಂದಕ್ಕೇ" ಎಂದಳು ಆಕೆ.

ಮೇಸ್ತ್ರಿಯಕ್ಕ ಅವರ ಮಾತು ಕೇಳುತ್ತಿರಲಿಲ್ಲ. ಅವಳ ಕಣ್ಣ ಮುಂದೆ ಕೆಳಗಿನ ಓಣಿ ಬಂದು ನಿಂತಿತ್ತು. ಬಕೆಟ್ಟಿನಲ್ಲಿದ್ದ ತಿಳಿನೀರು. ಒಂದು ಓಣಿ ಒರೆಸಿದವನ ನೀರು ಅಷ್ಟು ತಿಳಿಯಾಗಿರುವುದುಂಟೇ? ಆಮೇಲೆ ಆ ಬೂಟಿನ ಗುರುತು. ಬಗ್ಗಿ ಒಂದೊಂದನ್ನೂ ಒರೆಸಿದವಳು ಅವಳು. ಮೆಟ್ಟಿಲ ಹತ್ತಿರ ಒಂದು, ಶೌಚಾಲಯದ ಮುಂದೆ ಮೂರು, ಹಾಗೇ ಓಣಿಯುದ್ದಕ್ಕೂ, ಕೊನೆಗೆ...

"ಲೈಫ್ ಜಾಕೆಟ್ ಕೋಣೆ!" ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಸಾರ್, ಅವನು ನಿಲ್ದಾಣದಲ್ಲಿಲ್ಲ. ಹಡಗಲ್ಲಿದಾನೆ. ಕೆಳಗಿನ ಓಣಿ ಕೊನೇಲಿ, ಲೈಫ್ ಜಾಕೆಟ್ ಇಡೋ ಕೋಣೇಲಿ! ಆ ಬಾಗಿಲ ತನಕ ಹೋದ ಹೆಜ್ಜೆ ಇತ್ತು, ವಾಪಸ್ ಬಂದ ಹೆಜ್ಜೆ ಇರ್ಲಿಲ್ಲ. ನಾನೇ ಒರೆಸಿದೀನಿ!"

"ಆಗಲೇ ಯಾಕೆ ಬಾಗಿಲು ತೆಗೀಲಿಲ್ಲ?"

"ಇನ್ನು ನಾಲ್ಕು ನಿಮಿಷ ಇತ್ತು ಸಾರ್, ಎರಡು ಶೌಚಾಲಯ ಬಾಕಿ. ಕೆಲಸಗಳ್ಳನನ್ನ ಹುಡುಕ್ತಾ ಕೂತ್ರೆ ಅವನ ಕೆಲಸ ಯಾರು ಮಾಡ್ತಾರೆ? ಮೊದಲು ಫೋನ್ ಮಾಡಿ! ಹನ್ನೊಂದೂವರೆಗೆ ಹಡಗು ಆಚೆ ದಡ ಮುಟ್ಟುತ್ತೆ!"

ಹನ್ನೊಂದೂ ಹತ್ತೊಂಬತ್ತು. ಈಗ ಕೋಣೆಯೆಲ್ಲ ಫೋನು. ಮ್ಯಾನೇಜರ್ ನಂಬರು ಹುಡುಕುತ್ತ ಕಾಗದ ಚೆಲ್ಲಾಡಿದ. ಮೊದಲ ನಂಬರು ಹಳೆಯದು. ಎರಡನೆಯದನ್ನು ಯಾರೂ ಎತ್ತಲಿಲ್ಲ. "ಕ್ಯಾಪ್ಟನ್ ಕೋಣೆ ನಂಬರು ಆ ಗೋಡೆ ಮೇಲಿನ ಪಟ್ಟೀಲಿ ಕೆಳಗಿಂದ ಮೂರನೇದು" ಎಂದಳು ಮೇಸ್ತ್ರಿಯಕ್ಕ. ದಿನಾ ಆ ಪಟ್ಟಿಯ ಧೂಳು ತೆಗೆಯುವವಳು ಅವಳೇ. ಆ ಕಡೆ ಗಂಟೆ ಬಡಿಯಿತು. ಒಂದು, ಎರಡು, ಐದು. ಎಲ್ಲರೂ ಫೋನಿನ ಮೇಲೆ ಬಾಗಿದ್ದರು. ಕತ್ತರಿ, ಪಾಸು ಎಲ್ಲ ಮರೆತು ಅವಳೂ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸಿಗಲಿ, ಸಿಗಲಿ, ಸಿಗಲಿ. ಬೆಳಗ್ಗೆ ಐದಕ್ಕೆ ಹೊತ್ತ ಆರು ಕೊಡವೂ ಅವಳ ಹೆಗಲ ಮೇಲೆ ಇನ್ನೂ ಇದ್ದವು.

ಇಪ್ಪತ್ತಾರಕ್ಕೆ ಕ್ಯಾಪ್ಟನ್ ಸಿಕ್ಕ. "ಗಾಳಿ ಜೊತೆಗಿತ್ತು. ಹನ್ನೆರಡು ನಿಮಿಷ ಮೊದಲೇ ಮುಟ್ಟಿದ್ವಿ. ಎಲ್ಲ ಇಳಿದರು" ಎಂದ.

"ಲೈಫ್ ಜಾಕೆಟ್ ಕೋಣೆ ನೋಡಿ!"

"ಒಂದು ನಿಮಿಷ." ಫೋನಿನಲ್ಲಿ ಓಡುವ ಸದ್ದು. ಬಾಗಿಲ ಸದ್ದು. "ಯಾರೂ ಇಲ್ಲ ಸಾರ್."

"ನೆಲದ ಮೇಲೆ ನೋಡೋಕೆ ಹೇಳಿ" ಎಂದಳು ಮೇಸ್ತ್ರಿಯಕ್ಕ. "ಅಂಥವರು ಬಟ್ಟೆ ಬಿಚ್ಚಿದ ಜಾಗದಲ್ಲೇ ಬಿಟ್ಟಿರ್ತಾರೆ."

"ಹೌದು ಸಾರ್" ಎಂದಿತು ಫೋನು. "ನೆಲದ ಮೇಲೆ ನೀಲಿ ಮೇಲಂಗಿ, ಟೋಪಿ, ಮುಖಗವಸು. ಮುದ್ದೆ ಮಾಡಿ ಎಸೆದಿದಾರೆ. ಮೇಲಂಗಿಗೆ ಒಂದು ಪಾಸು ಸಿಕ್ಕಿಸಿದೆ."

ಉದ್ದಿಯ ಪಾಸು. ಆಚೆಯ ದಡದಲ್ಲಿ ಅವನು ಬೇರೆ ಹೆಸರಿನ, ಬೇರೆ ದೇಶದ ಪಾಸ್‌ಪೋರ್ಟ್ ತೋರಿಸಿ, ಕಾದಿದ್ದ ಕಾರು ಹತ್ತಿ ಹೋದನೆಂದು ಹತ್ತು ನಿಮಿಷದಲ್ಲೇ ಗೊತ್ತಾಯಿತು. ದಾರಿ ಅವನಿಗೆ ಹೇಗೆ ಗೊತ್ತಿತ್ತು ಎಂಬುದಕ್ಕೆ ಇನ್‌ಸ್ಪೆಕ್ಟರಮ್ಮ ಒಂದು ಹಳೆಯ ಕಡತ ತೆಗೆದಳು. ಏಳು ವರ್ಷದ ಹಿಂದೆ ಈ ನಿಲ್ದಾಣದ ನೀರಿನ ಕೊಳವೆ ಹಾಕಿಸಿದ್ದೇ ಅವನು. ಸಾಮಾನು ಕೋಣೆಯಿಂದ ಹಿಡಿದು ಕೆಲಸದವರ ಗೇಟಿನವರೆಗೆ ಎಲ್ಲದರ ನಕ್ಷೆಗೂ ಅವನದೇ ಸಹಿ. ಇನ್ನೊಂದು ವಿಷಯಕ್ಕೆ ಕಡತ ಬೇಕಿರಲಿಲ್ಲ. ನೆಲ ಒರೆಸುವವರ ಮುಖವನ್ನು ಯಾರೂ ನೋಡುವುದಿಲ್ಲವೆಂದು ಅವನಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು.

ದೊಡ್ಡ ಅಧಿಕಾರಿ ಹಣೆ ಒರೆಸಿಕೊಂಡ. ಹಕ್ಕಿ ಹಾರಿಹೋಗಿತ್ತು. ಇನ್ನು ಮೇಲಿನವರಿಗೆ ಒಂದು ಹೆಸರು ಕೊಡಬೇಕು. ಅವನ ಕಣ್ಣು ನಿಧಾನವಾಗಿ ಮೇಜಿನ ಮೇಲಿನ ಪಾಸಿನ ಕಡೆ ಹೊರಳಿತು.

"ಏನೇ ಆದ್ರೂ ಬಕೆಟ್ ತಂದವಳು ನೀನೇ. ನೀನು ತರದೇ ಇದ್ದಿದ್ರೆ ಲೆಕ್ಕ ತಪ್ತಿತ್ತು, ಹಡಗು ನಿಲ್ತಿತ್ತು. ಗುರುತು ಒರೆಸಿದವಳೂ ನೀನೇ. ಸಾಕ್ಷಿ ನಾಶ." ಅವನು ಒಂದು ಹಾಳೆ ತೆಗೆದು ಬರೆಯತೊಡಗಿದ. "ಇಲ್ಲಿ ಸಹಿ ಹಾಕು."

ಆಗ ಬಾಗಿಲು ದಡಾರೆಂದು ತೆರೆಯಿತು. ಟಿಕೆಟ್ ವಿಭಾಗದವನು ಏದುಸಿರು ಬಿಡುತ್ತಿದ್ದ. "ಮ್ಯಾನೇಜರ್ ಸಾರ್, ಎರಡನೇ ಹಡಗು ಬಂದು ಹತ್ತು ನಿಮಿಷ ಆಯ್ತು. ದಾರೀಲಿ ಅರ್ಧ ಜನಕ್ಕೆ ವಾಂತಿಯಂತೆ. ಮುನ್ನೂರೈವತ್ತು ಜನ ಕಾಯ್ತಿದಾರೆ. ಆ ಇಬ್ಬರು ಹೆಂಗಸರು ಗೇಟಿನ ಮುಂದೆ ಬಕೆಟ್ ಬೋರಲು ಹಾಕ್ಕೊಂಡು ಅದರ ಮೇಲೆ ಕೂತ್ಬಿಟ್ಟಿದಾರೆ. ಅಕ್ಕ ಬರೋ ತನಕ ಏಳಲ್ವಂತೆ."

ಮ್ಯಾನೇಜರಿನ ಮುಖ ಬಿಳಿಚಿತು. "ಸಾರ್, ಈಯಮ್ಮನ್ನ ಸ್ವಲ್ಪ... ಆಮೇಲೆ ವಿಚಾರಿಸಬಹುದಲ್ಲ..." ಎಂದು ಶುರು ಮಾಡಿ, ಅವಳ ಕಡೆ ತಿರುಗಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, "ಹೋಗಿಬನ್ನಿ ಅಮ್ಮಾ" ಎಂದ.

ಮೇಸ್ತ್ರಿಯಕ್ಕ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಕೂತಳು.

"ಕಾಗದ ಕೊಡಿ ಸಾರ್. ನನ್ನ ತಪ್ಪಿಲ್ಲ ಅಂತ. ಇವರ ಸಹಿ, ನಿಮ್ಮ ಸಹಿ, ಎರಡೂ."

"ಏನು, ಪೊಲೀಸರಿಗೇ ಷರತ್ತು ಹಾಕ್ತೀಯಾ?" ಎಂದು ದೊಡ್ಡ ಅಧಿಕಾರಿ ಗುಡುಗಿದ.

"ಷರತ್ತಲ್ಲ ಸಾರ್. ನೀವೇ ಬರೀರಿ. ರಿಜಿಸ್ಟರಲ್ಲಿ ಬಕೆಟ್‌ಗೆ ಜಾಗ ಇದೆ, ಮನುಷ್ಯರಿಗೆ ಜಾಗ ಇಲ್ಲ. ಅದನ್ನ ಮಾಡಿದೋಳು ನಾನಲ್ಲ. ಬದಲಿ ಕಳಿಸ್ತೀನಿ ಅಂದು ಕಳಿಸದೇ ಇದ್ದೋಳು ನಾನಲ್ಲ. ಬೀಗ ಹಾಕಿಸದೇ ಇದ್ದೋಳೂ ನಾನಲ್ಲ. ನಾನು ಬಿದ್ದಿದ್ದ ಬಕೆಟ್ ಎತ್ತಿದೀನಿ. ಇದು ತಪ್ಪು ಅನ್ನೋದಾದ್ರೆ ನಾಳೆಯಿಂದ ಯಾವ ಮನೇಲೂ ಯಾವ ಹೆಂಗಸೂ ಏನೂ ಎತ್ತಲ್ಲ. ಆಮೇಲೆ ನೋಡ್ಕೊಳ್ಳಿ."

ಹೊರಗಿನಿಂದ ಮುನ್ನೂರೈವತ್ತು ಜನರ ಗದ್ದಲ ಗಾಜಿಗೆ ಬಂದು ತಾಗುತ್ತಿತ್ತು. ಯಾರೋ ಚಪ್ಪಾಳೆ ತಟ್ಟಿ ತಟ್ಟಿ ಬೇಗ ಹತ್ತಿಸಿ ಎನ್ನುತ್ತಿದ್ದರು. ಇನ್‌ಸ್ಪೆಕ್ಟರಮ್ಮ ಹೊಸ ಹಾಳೆ ಎಳೆದುಕೊಂಡು ಬರೆದಳು, ಓದಿದಳು: "ಸದರಿ ಕೆಲಸದವರು ಅಜಾಗರೂಕತೆಯಿಂದ ಬಕೆಟ್ ತಂದಿದ್ದು, ಬೇರೆ ಯಾವ ತಪ್ಪೂ ಕಂಡುಬಂದಿಲ್ಲ."

ಮೇಸ್ತ್ರಿಯಕ್ಕ ಕನ್ನಡಕ ಹಾಕಿಕೊಂಡು, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದಳು.

"ಅಜಾಗರೂಕತೆಯಿಂದ ಅನ್ನೋದು ಹೊಡೀರಿ."

"ಅಕ್ಕಾ, ಹೊತ್ತಾಗುತ್ತೆ..."

"ಹೊಡೀರಮ್ಮ. ಜಾಗರೂಕತೆ ಇದ್ದಿದ್ದಕ್ಕೇ ತಂದಿದ್ದು."

ಹೊಡೆದಳು. ಮೇಲೆ ಬರೆದಳು: ಕರ್ತವ್ಯದಂತೆ. ದೊಡ್ಡ ಅಧಿಕಾರಿ ಗಡಿಯಾರ ನೋಡಿದ, ಕಿಟಕಿ ನೋಡಿದ, ತಾನು ಬರೆದಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದ.

"ಅದನ್ನ ಹರೀರಿ ಸಾರ್" ಎಂದಳು ಅವಳು.

ಅವನು ಹರಿದ. ಸಹಿ ಹಾಕಿದ. ಮ್ಯಾನೇಜರ್ ಎರಡು ಸಲ ಪೆನ್ನು ಬೀಳಿಸಿ ಸಹಿ ಹಾಕಿದ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸೇರಿಸಿ, ಕತ್ತರಿಯ ಪಕ್ಕದಿಂದ ತನ್ನ ಪಾಸು ಎತ್ತಿಕೊಂಡು ಕೊರಳಿಗೆ ಹಾಕಿಕೊಂಡಳು. ಆಮೇಲೆ ಓಡಿದಳು. ಐವತ್ತೆಂಟನೆಯ ವಯಸ್ಸಿನಲ್ಲಿ, ಪ್ರಯಾಣಿಕರ ಸಾಲಿನ ನಡುವೆ, "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗುತ್ತ.

ಅವಳನ್ನು ಕಂಡದ್ದೇ ಇಬ್ಬರು ಹೆಂಗಸರೂ ಬಕೆಟ್ಟಿನಿಂದ ಎದ್ದರು. "ಏನಾಯ್ತಕ್ಕಾ? ಒಳಗೆ ಹಾಕ್ತಾರೆ ಅಂದ್ರಲ್ಲ?"

"ಹಾಕಿದ್ರೆ ಈ ವಾಂತಿ ಯಾರು ಬಳೀತಾರೆ? ನಡೀರಿ."

ಮೂವರೂ ಯಂತ್ರಕ್ಕೆ ಪಾಸು ತೋರಿಸಿದರು. ಕಾವಲುಗಾರ ಅಭ್ಯಾಸದಂತೆ ರಿಜಿಸ್ಟರ್ ತೆರೆದು ಪೆನ್ನು ಹಿಡಿದ. "ಬಕೆಟ್ ಎಷ್ಟು?"

"ಮೊದಲು ನಮ್ಮನ್ನ ಎಣಿಸಪ್ಪಾ" ಎಂದಳು ಮೇಸ್ತ್ರಿಯಕ್ಕ.

"ಅದಕ್ಕೆ ಇದರಲ್ಲಿ ಜಾಗ ಇಲ್ಲವಲ್ಲಕ್ಕಾ."

"ಗೀಟು ಎಳಿ. ಜಾಗ ಆಗುತ್ತೆ."

ಅವನು ಸ್ಕೇಲಿಗಾಗಿ ಡ್ರಾಯರ್ ತಡಕಾಡಿದ. ಸಿಗಲಿಲ್ಲ. ಕೈಯಲ್ಲೇ ಎಳೆದ ಗೀಟು ಹಾವಿನ ಹಾಗೆ ಸೊಟ್ಟಗೆ ಕೆಳಗಿಳಿಯಿತು. ಆಮೇಲೆ ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ನೋಡಿ, ಬೆರಳು ಮಡಚಿ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿ ಬರೆದ. ಅಷ್ಟರಲ್ಲಿ ಹಡಗಿನ ಸೈರನ್ನು ಒಮ್ಮೆ ಕೂಗಿತು, ಮತ್ತು ಮೂವರೂ ಸೇತುವೆಯ ಮೇಲೆ ಓಡತೊಡಗಿದರು.